ಮಗ್ಗುಲು

ಚನ್ನರಾಯಪಟ್ಟಣದ ಬಸ್ಸು ನನ್ನನ್ನು ಹಾಸನದಲ್ಲಿ ಇಳಿಸಿ
ನಿಲ್ದಾಣದೊಳಗೇ ಒಂದು ಸುತ್ತು ಹೊಡೆದು
ಬಂದ ದಾರಿಗೆ ಮೂತಿ ಮಾಡಿ ನಿಂತಿತು.
ಕಂಡಕ್ಟರು ಬೋರ್ಡು ಮಗುಚಿ ಹಾಕಿದ.
ಅಷ್ಟೇ ಕೆಲಸ.

ಮಿಶನ್ ಆಸ್ಪತ್ರೆ, ಗಂಡಸರ ವಾರ್ಡು, ಏಳನೇ ಮಂಚ.
ಎಫ್ರಾಯಿಮ್ ಮೇಷ್ಟ್ರು ಗೋಡೆಗೆ ಮುಖ ಮಾಡಿ ಮಲಗಿದ್ದರು.
ಎಡಗಡೆ ಪೂರಾ ಬಿದ್ದುಹೋಗಿದೆ ಅಂದರು ಯಾರೋ.
ಬೆನ್ನು ನೋಡಿಯೇ ಗುರುತು ಹಿಡಿದೆ.
ಹತ್ತೊಂಬತ್ತು ವರ್ಷದ ಹಿಂದೆ ಕಡೆಯ ಸಲ ಕಂಡದ್ದೂ
ಈ ಬೆನ್ನೇ.

ಶನಿವಾರ ಮಧ್ಯಾಹ್ನದ ಗ್ರೀಕು ಪಾಠ.
ನಾವು ಮೂವರು, ಒಂದು ಬೆಂಚು, ಅವರ ಹಸಿರು ಮಸಿ.
ಎಪಿಸ್ಟ್ರೆಫೋ. ಬರೆದುಕೊಳ್ಳಿ.
ಕನ್ನಡದಲ್ಲಿ ಏನೆನ್ನುತ್ತೀರಿ?

ತಿರುಗು, ಅಂದ ಜ್ಞಾನಮಿತ್ರ.
ತಲೆಯೂ ತಿರುಗುತ್ತೆ, ಕೆಲಸವಿಲ್ಲದವನೂ ತಿರುಗುತ್ತಾನೆ,
ತಿರುಗಿಬಿದ್ದವನನ್ನು ಪೊಲೀಸರು ಹಿಡಿಯುತ್ತಾರೆ. ಇನ್ನೊಂದು ಹೇಳು.
ಮರಳು, ಅಂದೆ ನಾನು.
ಹೇಮಾವತಿಯಿಂದ ಲಾರಿಗೆ ತುಂಬುವುದೂ ಮರಳು,
ಒಲೆಯ ಮೇಲೆ ನೀರು ಮಾಡುವುದೂ ಮರಳು,
ಒಂದು ಕೊಂಬು ಕೊಟ್ಟರಂತೂ ಹುಚ್ಚೇ!
ನಕ್ಕೆವು.

ಅವರು ನಗು ನಿಲ್ಲಿಸಿ ಹೇಳಿದ್ದು:
ದೇವರ ಕಡೆಗೆ ಹೋಗುವುದಕ್ಕೂ ಇದೇ ಕ್ರಿಯಾಪದ,
ಕಕ್ಕಿದ್ದರ ಕಡೆಗೆ ನಾಯಿ ಹೋಗುವುದಕ್ಕೂ ಇದೇ.
ಹೊಸಿಲಲ್ಲಿ ನಿಂತು ಹರಸಿದ ಸಮಾಧಾನ
ಆ ಮನೆಗೆ ಬೇಡವಾದರೆ
ಹರಸಿದವನ ಹತ್ತಿರಕ್ಕೇ ಬರುತ್ತದಲ್ಲ, ಅದಕ್ಕೂ.
ಪದಕ್ಕೆ ದಿಕ್ಕು ಗೊತ್ತಿಲ್ಲ ಕಣ್ರೋ.
ದಿಕ್ಕು ವಾಕ್ಯದ್ದು.

ಆ ವಾಕ್ಯಗಳೆಲ್ಲ ಇದ್ದ ಅವರ ದಪ್ಪ ನಿಘಂಟನ್ನು
ಎರವಲು ತಂದು
ನೂರಾ ನಲವತ್ತು ರೂಪಾಯಿಗೆ ಮಾರಿದೆ.
ಯಾಕೆ ಎಂದು ಈಗ ಹೇಳಿದರೆ
ಯಾವ ಕಾರಣವೂ ನೂರಾ ನಲವತ್ತಕ್ಕೆ ಸಾಲದು.
ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡೆ.
ಗೊತ್ತಾದ ದಿನ ಅವರು ಮಂಡಿಯ ತನಕ ನಡೆದು ಬಂದು,
ಮೂಟೆಗಳ ನಡುವೆ ನನ್ನನ್ನು ನೋಡಿ,
ಒಂದು ಮಾತೂ ಆಡದೆ
ಬೆನ್ನಾದರು.

ಒಂದು ಪ್ರಶ್ನೆ ಬಾಕಿ ಇತ್ತು.
ಸಮಾಧಿಯ ಹತ್ತಿರ ಅಳುತ್ತಿದ್ದವಳು
ಒಮ್ಮೆ ತಿರುಗಿ, ನಿಂತವನನ್ನು ತೋಟದ ಮಾಲಿ ಅಂದುಕೊಂಡಳು.
ಅವನು ಹೆಸರು ಹಿಡಿದು ಕರೆದಾಗ ಮತ್ತೊಮ್ಮೆ ತಿರುಗಿದಳು.
ಎದುರಿಗೇ ಇದ್ದವನ ಕಡೆ
ಇನ್ನೊಂದು ಸಲ ತಿರುಗುವುದು ಹೇಗೆ, ಸಾರ್?
ಸೀಮೆಸುಣ್ಣ ಕೆಳಗಿಟ್ಟಿದ್ದರು.
ರೂಪ ನೋಡು, ಕರ್ಮಣಿಯದು.
ಹೊತ್ತಾಯಿತು, ಮುಂದಿನ ವಾರ ಹೇಳುತ್ತೇನೆ.
ಮುಂದಿನ ವಾರ ನಾನು ಹೋಗಲಿಲ್ಲ.

ಆರಕ್ಕೆ ಸರಿಯಾಗಿ ಆಯಾ ಜವರಮ್ಮ ಬಂದಳು
ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.
‘ನೋಡ್ತಾ ಕೂತ್ರೆ? ಆ ಕಡೆ ಹಿಡ್ಕಳಿ.
ಎರಡು ಗಂಟೆಗೊಂದ್ಸಲ ಮಗ್ಗಲು ಬದ್ಲಾಯಿಸ್ದಿದ್ರೆ
ಬೆನ್ನೆಲ್ಲ ಹುಣ್ಣು.’
‘ಅವರಿಗೇ ಆಗಲ್ವಾ?’
‘ಆಗಿದ್ರೆ ನಾನ್ಯಾಕೆ ಬೇಕಿತ್ತು?’

ಹೆಗಲ ಕೆಳಗೆ ಕೈ ತೂರಿಸಿದೆ.
ಅಂಗಿಯೊಳಗೆ ಬರೀ ಮೂಳೆ, ಬೆವರು, ಪೌಡರಿನ ವಾಸನೆ.
ಒಂದು, ಎರಡು, ಅಂದಳು.
ಮೂರಕ್ಕೆ ಗೋಡೆ ಬಿಟ್ಟು ಬಂತು
ಸೊಟ್ಟಗಾದ ಬಾಯಿ, ನೀರು ಸುರಿಯುವ ಒಂದು ಕಣ್ಣು.
ಒಂದು ಗೇಣು ದೂರದಲ್ಲಿ ನಾನು.
ಬಹಳ ಹೊತ್ತು ನೋಡಿದರು.

‘ಕಿಟಕಿ ಹಾಕಪ್ಪ,’ ಅಂದರು ತೊದಲುತ್ತ,
‘ಸೊಳ್ಳೆ.’

ಹಾಕಿದೆ. ಚಿಲಕ ಸಡಿಲ, ಕಾಗದ ಮಡಿಸಿ ತುರುಕಿದೆ.
ವಾರ್ಡ್ ಬಾಯ್ ಅಂದುಕೊಂಡರಲ್ಲ,
ನಾನೂ ಹೆಸರು ಹೇಳಲಿಲ್ಲ.

‘ಎಂಟಕ್ಕೆ ಗೋಡೆ ಕಡೆಗೆ,
ಹತ್ತಕ್ಕೆ ಮತ್ತೆ ಈ ಕಡೆಗೆ,’ ಅಂದಳು ಜವರಮ್ಮ
ಪಕ್ಕದ ಮಂಚಕ್ಕೆ ಹೋಗುತ್ತ.
ಊರಿಗೆ ಕಡೆಯ ಬಸ್ಸು ಒಂಬತ್ತಕ್ಕೆ.

ಸ್ಟೂಲು ಹತ್ತಿರ ಎಳೆದುಕೊಂಡು
ತಂದಿದ್ದ ಮೂಸಂಬಿ ಸುಲಿಯತೊಡಗಿದೆ.